ಎಡಗಡೆಯ ಸರಳು

ಆ ಅಂಬಾಸಿಡರ್ ಕಾರು ನನ್ನ ಶೆಡ್ಡಿನ ಮುಂದೆ ಬಂದು ನಿಂತಾಗ ಎಡಕ್ಕೆ ವಾಲಿತ್ತು. ಮುಂದಿನ ಬಲಚಕ್ರಕ್ಕೂ ಅದರ ಮೇಲಿನ ಮಡ್‌ಗಾರ್ಡಿಗೂ ನಡುವೆ ನಾಲ್ಕು ಬೆರಳು ತೂರುತ್ತಿದ್ದವು, ಎಡಗಡೆ ಎರಡೇ. ಓಡಿಸಿಕೊಂಡು ಬಂದವರು ನಂದಿಯ ದ್ರಾಕ್ಷಿ ತೋಟದ ಯಜಮಾನರು, ಅರವತ್ತು ದಾಟಿದವರು. ಒಂದು ತಿಂಗಳ ಹಿಂದೆ ಅವರ ಔಷಧಿ ಹೊಡೆಯುವ ಪಂಪಿಗೆ ನಾನು ಲೇತಿನಲ್ಲಿ ಹೊಸ ಬುಷ್, ಅಂದರೆ ದಂಡ ತಿರುಗುವ ಲೋಹದ ಕೊಳವೆ, ಕಡೆದು ಕೂರಿಸಿ ಕೊಟ್ಟಿದ್ದೆ. ಆ ಕೆಲಸ ಅವರಿಗೆ ಹಿಡಿಸಿತ್ತು.

"ಇದ್ರ ಮುಂದ್ಗಡೆ ಕೆಲ್ಸ ಈಗ ಯಾರೂ ಮುಟ್ಟಲ್ಲ ಅಂತಾರೆ ಕಣಪ್ಪ," ಎಂದರು. "ಚಿಕ್ಕಬಳ್ಳಾಪುರದಲ್ಲಿ ಮೂರು ಕಡೆ ಕೇಳ್ದೆ. ಸಾಮಾನು ಸಿಗಲ್ಲ, ಗೊತ್ತಿರೋರಿಲ್ಲ, ಗುಜರಿಗೆ ಹಾಕಿ ಅಂದ್ರು. ಮಗಳ ಮದ್ವೆ ಇನ್ನು ಇಪ್ಪತ್ತೆರಡು ದಿನ. ಅವಳು ಹುಟ್ಟಿದಾಗ ಆಸ್ಪತ್ರೆಯಿಂದ ಮನೇಗೆ ಇದ್ರಲ್ಲೇ ಕರ್ಕೊಂಡ್ ಬಂದಿದ್ದು. ಛತ್ರಕ್ಕೂ ಇದ್ರಲ್ಲೇ ಹೋಗ್ಬೇಕು."

ನಾನು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲಿಗೆ ಹುರಿ ಹಾಕುವ ಯಂತ್ರಗಳನ್ನು ರಿಪೇರಿ ಮಾಡುವವನು. ಕಾರಿನ ಕೆಳಗೆ ಅದುವರೆಗೆ ಮಲಗಿದವನೂ ಅಲ್ಲ. ಹಾಗೆಂದು ಹೇಳಬೇಕಿತ್ತು. ಆದರೆ ಮೂರು ಗ್ಯಾರೇಜಿನವರು ಆಗದು ಅಂದಿದ್ದನ್ನು ನನ್ನ ಮುಂದೆ ತಂದು ನಿಲ್ಲಿಸಿದ್ದರಲ್ಲ, ಆ ಹೆಮ್ಮೆ ನನ್ನ ಬಾಯಿ ಕಟ್ಟಿತು. ಬುಷ್ ಅಂದರೆ ಬುಷ್, ಯಂತ್ರ ಯಾವುದಾದರೇನು ಎಂದುಕೊಂಡು ಒಪ್ಪಿಕೊಂಡೆ.

ಈ ಕಾರಿನ ಮುಂಭಾಗದಲ್ಲಿ ಸುರುಳಿ ಸ್ಪ್ರಿಂಗ್ ಇಲ್ಲ. ಅದರ ಬದಲು ಎಡಕ್ಕೊಂದು ಬಲಕ್ಕೊಂದು ಉದ್ದನೆಯ ಉಕ್ಕಿನ ಸರಳು, ಕಾರಿನ ಹೊಟ್ಟೆಯ ಕೆಳಗೆ ಮುಂದಿನಿಂದ ಹಿಂದಕ್ಕೆ ಚಾಚಿಕೊಂಡಿರುತ್ತದೆ. ಟಾರ್ಷನ್ ಬಾರ್ ಅನ್ನುತ್ತಾರೆ. ಸರಳಿನ ಎರಡು ತುದಿಯಲ್ಲೂ ಗೇರಿಗಿರುವಂತೆ ಹಲ್ಲುಗಳು. ಮುಂದಿನ ತುದಿ ಚಕ್ರವನ್ನು ಹೊತ್ತ ತೋಳಿನೊಳಗೆ ಕೂತಿರುತ್ತದೆ, ಹಿಂದಿನ ತುದಿ ಕಾರಿನ ಮೈಗೆ ಬಿಗಿದ ಲಿವರಿನೊಳಗೆ. ಚಕ್ರ ಎದ್ದರೆ ತೋಳು ಏಳುತ್ತದೆ, ಸರಳು ಇನ್ನಷ್ಟು ತಿರುಚಿಕೊಳ್ಳುತ್ತದೆ. ಚಕ್ರ ಇಳಿದಾಗ ಅಷ್ಟು ಬಿಚ್ಚಿಕೊಳ್ಳುತ್ತದೆ. ಕಾರು ಸುಮ್ಮನೆ ನಿಂತಿದ್ದಾಗಲೂ ಭಾರ ಹೊತ್ತು ಅದು ತಿರುಚಿಕೊಂಡೇ ಇರುತ್ತದೆ. ಈ ಕೊನೆಯ ಮಾತು ನನ್ನ ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ.

ಎರಡನೆಯ ದಿನ ಅದು ಗೊತ್ತಾಯಿತು. ಮೊಬೈಲಿನಲ್ಲಿ ಯಾರೋ ಮಾಡಿದ್ದ ವಿಡಿಯೋ ನಾಲ್ಕು ಸಲ ನೋಡಿ, ಕಾರನ್ನು ಎತ್ತಿ ಮರದ ದಿಮ್ಮಿಗಳ ಮೇಲೆ ಕೂರಿಸಿ, ಎಡಚಕ್ರ ಬಿಚ್ಚಿ, ತೋಳಿನ ಕೆಳಗೆ ಜಾಕಿ ಕೊಟ್ಟೆ. ಜಾಕಿ ಇಳಿಸುತ್ತಾ ಬಂದರೆ ತೋಳು ನಿಧಾನವಾಗಿ ಕೆಳಗೆ ಬಂದು ಸರಳಿನ ಬಿಗಿ ಸಡಿಲಾಗಬೇಕು. ತೋಳಿನ ಮೇಲೆ ವರ್ಷಗಟ್ಟಲೆಯ ಗ್ರೀಸು ಗಟ್ಟಿಯಾಗಿ ಕೂತಿತ್ತು. ನಾನು ಅದನ್ನು ಒರೆಸಿರಲಿಲ್ಲ. ಜಾಕಿಯ ತಲೆ ಆ ಗ್ರೀಸಿನ ಮೇಲೆ ಕೂತಿತ್ತು. ತೋಳನ್ನು ಹಿಡಿದಿದ್ದ ಕೆಳಗಿನ ಪಿನ್ನು ಹೊರಗೆ ಬಂದ ಕ್ಷಣದಲ್ಲೇ ಜಾಕಿ ಜಾರಿತು. ತೋಳು ನೆಲಕ್ಕೆ ಬಡಿದ ಸದ್ದು ಕೇಳಿ ರಸ್ತೆಯಾಚೆಯ ಟೀ ಅಂಗಡಿಯವನು ಓಡಿ ಬಂದ. ಜಾಕಿ ಹಾರಿ ಹೋಗಿ ತಗಡಿನ ಗೋಡೆಯನ್ನು ಒಳಕ್ಕೆ ತಗ್ಗಿಸಿತ್ತು. ತೋಳು ಬಡಿದ ಜಾಗದಲ್ಲಿ, ಒಂದು ಉಸಿರಿನ ಹಿಂದೆ, ನನ್ನ ಬಲಗೈ ಇತ್ತು. ಬಿದ್ದಿದ್ದ ಸ್ಪ್ಯಾನರ್ ಎತ್ತಿಕೊಳ್ಳಲು ನಾನು ಕೈ ಹಿಂದಕ್ಕೆ ಎಳೆದಿದ್ದೆ, ಅಷ್ಟೆ.

"ಏನಾಯ್ತಣ್ಣ?" ಎಂದ ಟೀ ಅಂಗಡಿಯವನು.

"ಏನಿಲ್ಲ," ಎಂದೆ.

ಅಂದು ಮತ್ತೆ ಕಾರು ಮುಟ್ಟಲಿಲ್ಲ. ಮರುದಿನ ಬಲಗಡೆಗೆ ಕೈಹಾಕುವ ಮುಂಚೆ ತೋಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿದೆ. ಜಾಕಿಯ ಜೊತೆಗೆ ಇನ್ನೊಂದು ಜಾಕಿ, ಅವೆರಡೂ ಕೈಕೊಟ್ಟರೆ ತಡೆಯಲು ತೋಳಿಗೊಂದು ಸರಪಳಿ. ನಾನು ತೋಳಿನ ದಾರಿಯಿಂದ ಹೊರಗೆ ಮಲಗಿ, ಜಾಕಿಯನ್ನು ಕಾಲು ಸುತ್ತಿನಂತೆ ಇಳಿಸಿದೆ. ಅರ್ಧ ಗಂಟೆ ಹಿಡಿಯಿತು. ಎಡಗಡೆ ಎರಡು ಸೆಕೆಂಡಿನಲ್ಲಿ ಆಗಿದ್ದ ಕೆಲಸ.

ಆಮೇಲಿನ ಹತ್ತು ದಿನ ನನಗೆ ಗೊತ್ತಿದ್ದ ಲೋಕ. ಬಿಚ್ಚಿದ ಒಂದೊಂದು ಭಾಗವನ್ನೂ ತೊಳೆದು ಗೋಣಿಚೀಲದ ಮೇಲೆ ಸಾಲಾಗಿ ಇಟ್ಟೆ. ರಬ್ಬರ್ ಬುಷ್‌ಗಳು ಬೆರಳಲ್ಲಿ ಒತ್ತಿದರೆ ಒಣಗಿದ ರೊಟ್ಟಿಯಂತೆ ಪುಡಿಯಾಗುತ್ತಿದ್ದವು. ಚಕ್ರ ತಿರುಗಲು ಆಧಾರವಾದ ಪಿನ್ನುಗಳ ತಿರುಪಿನ ಗೀರುಗಳು ಸವೆದು, ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಕಟಕಟ ಅನ್ನುತ್ತಿದ್ದವು. ಚಿಕ್ಕಬಳ್ಳಾಪುರದ ಹಳೆಯ ಬಿಡಿಭಾಗಗಳ ಅಂಗಡಿಯಲ್ಲಿ ಅಟ್ಟದ ಮೇಲಿಂದ ಒಂದು ಕಿಟ್ ಇಳಿಸಿ ಕೊಟ್ಟರು. ಅದರೊಳಗಿನ ಕಂಚಿನ ಬುಷ್‌ಗಳು ಅಳತೆಗೆ ದಪ್ಪ. ಲೇತಿನಲ್ಲಿ ಕೂದಲೆಳೆಯಷ್ಟು ತೆಗೆದು, ಹಾಕಿ ನೋಡಿ, ಮತ್ತೆ ತೆಗೆದು, ಪಿನ್ನು ಬಿಗಿಯಾಗಿಯೂ ಸಲೀಸಾಗಿಯೂ ತಿರುಗುವಂತೆ ಮಾಡಿದೆ. ಶಾಕಬ್ಸರ್‌ಗಳ ಹಳೆಯ ಎಣ್ಣೆ ಬಸಿದು ಸೀಲು ಬದಲಿಸಿದೆ. ಅಂಗಡಿಯವರು ಒಂದು ಮಾತು ಹೇಳಿದ್ದರು: "ಏನಾದ್ರೂ ಡೌಟ್ ಬಂದ್ರೆ ಚಿಂತಾಮಣೀಲಿ ಒಬ್ಬ ಮೇಸ್ತ್ರಿ ಇದಾರೆ. ಈ ಕಾರುಗಳ್ದೇ ಕೆಲ್ಸ ಮಾಡಿ ಮುದುಕರಾದೋರು. ಈಗ ಮನೇಲಿರ್ತಾರೆ." ವಿಳಾಸ ಬರೆದುಕೊಂಡು ಬಂದೆ, ಬೇಕಾಗುತ್ತದೆ ಅನಿಸಿರಲಿಲ್ಲ.

ಸರಳುಗಳೆರಡನ್ನೂ ತಂತಿ ಬ್ರಷ್ಷಿನಿಂದ ಉಜ್ಜಿ, ಹಲ್ಲುಗಳನ್ನು ಬಿಟ್ಟು ಉಳಿದ ಮೈಗೆಲ್ಲ ಕಪ್ಪು ಬಣ್ಣ ಹೊಡೆದು, ತೊಲೆಗೆ ತೂಗುಹಾಕಿದೆ. ಹೊಸದರಂತೆ ಹೊಳೆಯುತ್ತಿದ್ದವು. ಯಜಮಾನರಿಗೆ ಫೋಟೋ ಕಳಿಸಿದೆ. "ಭೇಷ್," ಎಂದು ಉತ್ತರ ಬಂತು.

ಮದುವೆಗೆ ಇನ್ನು ಆರು ದಿನ ಇರುವಾಗ, ಬೆಳಿಗ್ಗೆ, ಒಂದನ್ನು ಇಳಿಸಿ ಎಡಗಡೆಗೆ ತೂರಿಸಲು ಬಗ್ಗಿದೆ. ಬಗ್ಗಿದವನು ಹಾಗೇ ನಿಂತೆ. ನನ್ನ ಕೈಯಲ್ಲಿದ್ದುದು ಎಡಗಡೆಯದೋ, ಬಲಗಡೆಯದೋ?

ಎರಡೂ ಒಂದೇ ಉದ್ದ, ಒಂದೇ ದಪ್ಪ, ಹಲ್ಲಿನ ಲೆಕ್ಕವೂ ಒಂದೇ. ನಾನು ಗುರುತು ಹಾಕಿರಲಿಲ್ಲ. ಕಾರ್ಖಾನೆಯವರು ಏನಾದರೂ ಗುರುತು ಹಾಕಿದ್ದರೆ ಅದನ್ನೂ ನನ್ನ ಬ್ರಷ್ಷು ತಿಂದಿತ್ತು. ಎಲ್ಲಿಗೆ ಯಾವುದನ್ನು ಹಾಕಿದರೂ ಕೂರುತ್ತದೆ. ಕಷ್ಟ ಇರುವುದು ಅಲ್ಲೇ. ಎಡಗಡೆಯದು ಇಷ್ಟು ವರ್ಷ ಒಂದು ದಿಕ್ಕಿಗೆ ತಿರುಚಿಕೊಂಡಿದ್ದರೆ, ಬಲಗಡೆಯದು ಅದರ ಎದುರು ದಿಕ್ಕಿಗೆ. ಉಕ್ಕು ಆ ದಿಕ್ಕಿಗೆ ಒಗ್ಗಿರುತ್ತದೆ. ಅದಲುಬದಲಾದರೆ ತಿರುವು ಉಲ್ಟಾ ಬೀಳುತ್ತದೆ. ಹುರಿ ಯಂತ್ರದ ಬಳಿ ಇಷ್ಟು ವರ್ಷ ನಿಂತವನಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಎಡಹುರಿ ಹಾಕಿದ ನೂಲನ್ನು ಬಲಕ್ಕೆ ತಿರುಗಿಸಿದರೆ ಮೊದಲು ಅದು ಬಿಚ್ಚಿಕೊಳ್ಳುತ್ತದೆ, ಆಮೇಲೆ ಸಿಂಬಿ ಸುತ್ತುತ್ತದೆ, ಕೊನೆಗೆ ಹರಿಯುತ್ತದೆ. ಉಕ್ಕು ಸಿಂಬಿ ಸುತ್ತುವುದಿಲ್ಲ. ಒಂದು ದಿನ ಮುರಿಯುತ್ತದೆ.

ಊಟಕ್ಕೂ ಹೋಗದೆ ಕೂತೆ. ಆಮೇಲೆ ನೂಲಿನ ಎಳೆ ನೋಡುವ ಭೂತಗನ್ನಡಿ ತೆಗೆದುಕೊಂಡು ಸರಳಿನ ಹಲ್ಲುಗಳನ್ನು ನೋಡತೊಡಗಿದೆ. ಗೇರಿನ ಹಲ್ಲು ಸವೆಯುವುದು ಭಾರ ಬೀಳುವ ಮಗ್ಗುಲಿಗೆ. ಈ ಹಲ್ಲುಗಳಲ್ಲೂ ಹಾಗೇ ಇತ್ತು: ಒಂದು ಮಗ್ಗುಲು ಮಂಕು, ಇನ್ನೊಂದು ಮಗ್ಗುಲು ಬಳಸಿ ಬಳಸಿ ನುಣುಪಾದದ್ದು. ಮೊದಲ ಸರಳಿನ ತುದಿಯನ್ನು ಎದುರಿಗೆ ಹಿಡಿದರೆ ಎಲ್ಲ ಹಲ್ಲುಗಳ ಬಲಮಗ್ಗುಲು ನುಣುಪು. ಸರಳನ್ನು ತಿರುಗಿಸಿ ಇನ್ನೊಂದು ತುದಿ ನೋಡಿದೆ. ಅಲ್ಲೂ ಬಲಮಗ್ಗುಲೇ. ಎರಡನೆಯ ಸರಳಿನ ಎರಡು ತುದಿಯಲ್ಲೂ ಎಡಮಗ್ಗುಲು. ನೂಲಿನ ಹುರಿಯೂ ಹೀಗೇ ಅಲ್ಲವೇ, ಯಾವ ತುದಿಯಿಂದ ನೋಡಿದರೂ ಎಡಹುರಿ ಎಡಹುರಿಯೇ. ಆಮೇಲೆ ತೋಳಿನೊಳಗಿನ ಹಲ್ಲುಗಳಿಗೆ ಟಾರ್ಚ್ ಬಿಟ್ಟು, ಅಲ್ಲಿ ಯಾವ ಮಗ್ಗುಲು ಸವೆದಿದೆ ಎಂದು ಹೋಲಿಸಿದೆ. ಸಂಜೆಯ ಹೊತ್ತಿಗೆ ಎಡಮಗ್ಗುಲು ನುಣುಪಾಗಿದ್ದ ಸರಳಿಗೆ ಕೆಂಪು ದಾರ, ಇನ್ನೊಂದಕ್ಕೆ ಬಿಳಿ ದಾರ ಕಟ್ಟಿದೆ. ಕೆಂಪು ಎಡಗಡೆಗೆ.

ಹೀಗೆ ಕಟ್ಟಿದ ಮೇಲೂ ಧೈರ್ಯ ಬರಲಿಲ್ಲ. ಕಾರಿನೊಳಗೆ ಕೂರುವವರು ಯಾರು ಎಂಬುದು ಗೊತ್ತಿತ್ತು. ಮರುದಿನ ಎರಡೂ ಸರಳನ್ನು ಗೋಣಿಯಲ್ಲಿ ಸುತ್ತಿಕೊಂಡು ಚಿಂತಾಮಣಿ ಬಸ್ಸು ಹತ್ತಿದೆ.

ಮೇಸ್ತ್ರಿ ಮನೆಯ ಹಿಂದಿನ ಚಪ್ಪರದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಎಪ್ಪತ್ತೈದರ ಮೇಲಿನ ವಯಸ್ಸು. ಕಣ್ಣಿಗೆ ಪೊರೆ ಬಂದಿತ್ತು. ಬಂದ ಕಾರಣ ಹೇಳಿದೆ. ಕೇಳಿಸಿಕೊಂಡು ನಕ್ಕರು.

"ಗುರ್ತು ಹಾಕ್ದೆ ಬಿಚ್ಚಿದ್ಯಾ? ಸರಿಪೋಯಿಂದಿ, ಸರಿಹೋಯ್ತು," ಎಂದರು ತೆಲುಗು ಬೆರೆಸಿ. "ತಾ ನಾಯ್ನಾ, ಇಲ್ಲಿ ತಾ."

ಕಣ್ಣಿನಿಂದ ನೋಡುವ ಗೋಜಿಗೇ ಹೋಗಲಿಲ್ಲ. ಸರಳನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳ ಉಗುರನ್ನು ಹಲ್ಲಿನ ಒಂದೊಂದು ಮಗ್ಗುಲಿಗೂ ಎಳೆದರು. ಬಿಳಿ ದಾರದ್ದನ್ನು ಪಕ್ಕಕ್ಕಿಟ್ಟು, "ಇದು ಬಲಗಡೇದು," ಎಂದರು. ಕೆಂಪು ದಾರದ್ದನ್ನು ಮುಟ್ಟಿ ನೋಡಿ, "ಇದು ಎಡ. ಸರಿಯಾಗೇ ಹಿಡಿದಿದ್ದೀಯ. ಯಾರು ಹೇಳಿಕೊಟ್ರು?"

"ಯಾರೂ ಇಲ್ಲ, ಹುರಿ ಮಿಷನ್ ಕೆಲಸ ನಂದು," ಎಂದೆ. ಹಿಂದಿನ ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದಂತಾಯಿತು. ಎದ್ದು ಗೋಣಿ ಬಿಡಿಸುತ್ತಿದ್ದೆ. ಮೇಸ್ತ್ರಿ ಮಾತ್ರ ಕೆಂಪು ದಾರದ ಸರಳನ್ನು ಇನ್ನೂ ಬಿಟ್ಟಿರಲಿಲ್ಲ. ಹಲ್ಲು ಮುಗಿದು ದುಂಡನೆಯ ಮೈ ಶುರುವಾಗುವ ಕುತ್ತಿಗೆಯಲ್ಲಿ, ನನ್ನ ಕಪ್ಪು ಬಣ್ಣದ ಅಂಚಿನಲ್ಲಿ, ಅವರ ಉಗುರು ಹೋಗಿ ಬಂದು ಹೋಗಿ ಬಂದು ಒಂದೇ ಕಡೆ ನಿಲ್ಲುತ್ತಿತ್ತು.

"ಇದೇಮಿ ಇದು," ಎಂದರು ತಮಗೆ ತಾವೇ. "ಕಾರು ಎಡಕ್ಕೆ ವಾಲಿತ್ತಾ?"

"ಹೌದು. ಬುಷ್ ಸವೆದು..."

"ಬುಷ್ ಸವೆದ್ರೆ ಕಾರು ಸದ್ದು ಮಾಡುತ್ತೆ, ವಾಲಲ್ಲ. ಒಳಗಿಂದ ಬ್ಲೇಡು ತಾ. ಸೀಮೆಎಣ್ಣೆ ಡಬ್ಬೀನೂ."

ಬ್ಲೇಡಿನಿಂದ ಬಣ್ಣ ಹೆರೆದರು. ಬತ್ತಲೆ ಉಕ್ಕಿಗೆ ಸೀಮೆಎಣ್ಣೆ ಸವರಿ, ಕಾಲು ಗಂಟೆ ಹಾಗೇ ಬಿಟ್ಟು, ಬಟ್ಟೆಯಿಂದ ಒಂದು ತೊಟ್ಟೂ ಉಳಿಯದಂತೆ ಒರೆಸಿದರು. ಮೊಮ್ಮಕ್ಕಳ ಸೀಮೆಸುಣ್ಣ ತರಿಸಿ ಪುಡಿ ಮಾಡಿ ಅದರ ಮೇಲೆ ಉದುರಿಸಿ ಊದಿದರು. "ನನಗೆ ಕಾಣಲ್ಲ, ನೀನು ನೋಡು," ಎಂದು ನನ್ನ ಕೈಗೆ ಕೊಟ್ಟರು.

ಮೊದಲು ಬರೀ ಬಿಳಿ. ಆಮೇಲೆ ಬಿಳಿಯ ಮೇಲೆ, ಒಳಗಿನಿಂದ ಎಣ್ಣೆ ಜಿನುಗಿ, ಕಿರುಬೆರಳ ಉಗುರಿನಷ್ಟು ಉದ್ದದ ಒಂದು ಕಪ್ಪು ಗೆರೆ ಮೂಡಿತು.

"ಬಂತು," ಎಂದೆ.

"ಬಿರುಕು. ಎಷ್ಟು ಆಳ ಅಂತ ಆ ದೇವ್ರೇ ಹೇಳ್ಬೇಕು."

"ಮದುವೆ ಇನ್ನು ಐದು ದಿನ ಇದೆ, ಮೇಸ್ತ್ರಿ. ನಂದಿಯಿಂದ ಚಿಕ್ಕಬಳ್ಳಾಪುರ. ಹತ್ತು ಕಿಲೋಮೀಟರೂ ಇಲ್ಲ."

ಅವರು ಮತ್ತೆ ಅವರೆಕಾಯಿ ಮೊರ ಎಳೆದುಕೊಂಡರು. "ಹತ್ತು ಕಿಲೋಮೀಟರ್ ತಡೀಬಹುದು. ಹತ್ತು ಸಾವಿರಾನೂ ತಡೀಬಹುದು. ಗೇಟು ದಾಟೋಕೆ ಮುಂಚೆ ಹೋಗ್ಬಹುದು. ನಾನು ಹಾಕು ಅನ್ನಲ್ಲ, ಬೇಡ ಅನ್ನಲ್ಲ. ಕೆಲ್ಸ ಹಿಡಿದಿರೋನು ನೀನು."

ವಾಪಸು ಬರುವಾಗ ಬಸ್ಸಿನಲ್ಲಿ ಸರಳುಗಳನ್ನು ಕಾಲ ಕೆಳಗೆ ಇಟ್ಟುಕೊಂಡು ಕೂತಿದ್ದೆ. ಕಾರು ನನ್ನ ಹತ್ತಿರ ಬರುವಾಗ ಇದೇ ಸರಳಿನ ಮೇಲೆ ಓಡಿಕೊಂಡೇ ಬಂದಿತ್ತು. ಆ ಬಿರುಕು ಅಂದೂ ಇದ್ದಿರಬೇಕು. ನಾನು ನೋಡಿರದಿದ್ದರೆ ಅದು ಬಣ್ಣದ ಕೆಳಗೆ ಇರುತ್ತಿತ್ತು. ಒಂದು ಸಲ ಬ್ರಷ್ ಆಡಿಸಿದರೆ ಮತ್ತೆ ಬಣ್ಣದ ಕೆಳಗೇ ಹೋಗುತ್ತದೆ. ಮೇಸ್ತ್ರಿ ಯಾರಿಗೂ ಹೇಳುವವರಲ್ಲ. ಅರ್ಧ ದಾರಿ ಕಳೆಯುವವರೆಗೂ ಇದನ್ನೇ ಹಿಂದು ಮುಂದು ತಿರುವಿದೆ. ಅಷ್ಟರಲ್ಲಿ ಎರಡನೆಯ ದಿನ ನೆಲಕ್ಕೆ ಬಡಿದ ಆ ತೋಳಿನ ಸದ್ದು ಕಿವಿಯಲ್ಲಿ ಕೇಳಿತು. ಅದು ಖಾಲಿ ತೋಳು, ನಿಂತ ಕಾರು. ಶಿಡ್ಲಘಟ್ಟದಲ್ಲಿ ಇಳಿಯಲಿಲ್ಲ. ಅದೇ ಬಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಹೋಗಿ, ಅಲ್ಲಿಂದ ನಂದಿಗೆ ಹೋದೆ.

ಯಜಮಾನರ ಮನೆಯ ಮುಂದೆ ಚಪ್ಪರಕ್ಕೆ ಗಳ ನೆಡುತ್ತಿದ್ದರು. ನಾನು ನಿಂತ ನಿಲುವಿನಲ್ಲೇ ಹೇಳಿದೆ. ಗೋಣಿ ಬಿಡಿಸಿ ಸುಣ್ಣದಲ್ಲಿ ಉಳಿದಿದ್ದ ಗೆರೆ ತೋರಿಸಿದೆ.

"ಇಷ್ಟೇನಾ?"

"ಕಾಣೋದು ಇಷ್ಟು, ಯಜಮಾನ್ರೇ."

"ಕಾರು ನಿನ್ ಹತ್ರ ಬಂದಾಗ ತನ್ ಕಾಲ್ಮೇಲೆ ತಾನು ಬಂತು."

"ಹೌದು."

"ನಾನೇ ಓಡಿಸ್ಕೊಂಡ್ ಬಂದೆ. ಮುರೀಲಿಲ್ಲ. ಈಗ ನೀನು ಬಿಚ್ಚಿ ಕೂತ್ಕೊಂಡು, ಆಗಲ್ಲ ಅಂತೀಯ. ಆಗಲ್ಲ ಅನ್ನೋರು ನಂಗೆ ಚಿಕ್ಕಬಳ್ಳಾಪುರದಲ್ಲೇ ಮೂರು ಜನ ಸಿಕ್ಕಿದ್ರು."

ಬೇರೆ ಸರಳು ಹುಡುಕುತ್ತೇನೆ, ಎರಡು ದಿನ ಕೊಡಿ ಎಂದು ಹೇಳಿ ಬಂದೆ.

ಮರುದಿನ ಗೌರಿಬಿದನೂರಿನ ಒಂದು ಗುಜರಿ ಅಂಗಡಿಯಲ್ಲಿ ಅಂಥದೇ ಕಾರಿನ ಅಸ್ಥಿಪಂಜರ ಇದೆ ಎಂದು ತಿಳಿದು ಹೋದೆ. ಎಡಗಡೆಯನ್ನು ಯಾರೋ ಆಗಲೇ ಗ್ಯಾಸಿನಲ್ಲಿ ಕೊಯ್ದು ಒಯ್ದಿದ್ದರು. ಬಲಗಡೆಯ ಸರಳು ಮಾತ್ರ ಇತ್ತು, ತುಕ್ಕಿಲ್ಲದೆ, ಚೆನ್ನಾಗಿಯೇ ಇತ್ತು.

"ತಿರುಗಿಸಿ ಹಾಕ್ಕೊಳ್ಳಿ ಸ್ವಾಮಿ," ಎಂದ ಗುಜರಿಯವನು. "ಹಿಂದಿನ ತುದಿ ಮುಂದಕ್ಕೆ ಮಾಡಿದ್ರೆ ಎಡ ಆಗುತ್ತೆ. ಎಲ್ಲಾರೂ ಹಂಗೇ ಮಾಡೋದು."

ಎಲ್ಲರೂ ಹಾಗೆ ಮಾಡುತ್ತಾರೋ ಇಲ್ಲವೋ ನನಗೆ ತಿಳಿಯದು. ತುದಿ ಬದಲಿಸಿದರೆ ಹುರಿ ಬದಲಾಗುವುದಿಲ್ಲ ಎಂಬುದು ಗೊತ್ತಿತ್ತು. ಅದನ್ನು ಕೈಯಲ್ಲಿ ಹಿಡಿದು ನಿಂತಿದ್ದ ಐದು ನಿಮಿಷ, ಗೊತ್ತಿರದಿದ್ದರೆ ಎಷ್ಟು ಚೆನ್ನಾಗಿತ್ತು ಅನಿಸಿದ್ದು ಸುಳ್ಳಲ್ಲ. ಇಟ್ಟು ಬಂದೆ.

ಮದುವೆಗೆ ಮೂರು ದಿನ ಇರುವಾಗ ಬೆಳಿಗ್ಗೆ ಯಜಮಾನರು ನನ್ನ ಶೆಡ್ಡಿಗೆ ಬಂದರು. ಹಿಂದೆ ಒಂದು ಟೆಂಪೋ.

"ಸಿಕ್ತಾ?"

"ಸಿಗಲಿಲ್ಲ."

"ಸರಿ. ಇರೋದನ್ನೇ ಹಾಕಿ ಜೋಡಿಸು. ಜವಾಬ್ದಾರಿ ನಂದು. ಬೇಕಾದ್ರೆ ಬರ್ಕೊಡ್ತೀನಿ. ಇಲ್ಲಾಂದ್ರೆ ಸಾಮಾನೆಲ್ಲ ಟೆಂಪೋಗೆ ಹಾಕು, ಕಾರಿನ ಮೂತೀನ ಟೆಂಪೋ ಹಿಂದೆ ಎತ್ತಿ ಕಟ್ಟಿ ಎಳ್ಕೊಂಡ್ ಹೋಗ್ತೀನಿ. ಜೋಡಿಸೋರು ಸಿಗ್ತಾರೆ."

ನಾನು ಒಂದೊಂದಾಗಿ ಎಲ್ಲ ತೋರಿಸಿದೆ. ತೋಳುಗಳು, ಪಿನ್ನುಗಳು, ಶಾಕಬ್ಸರ್‌ಗಳು, ಬಿಳಿ ದಾರದ ಸರಳು. "ಇದೆಲ್ಲ ತಗೊಂಡ್ ಹೋಗಿ. ಈ ಕೆಂಪು ದಾರದ್ದನ್ನ ಮಾತ್ರ ಕೊಡಲ್ಲ."

"ಅದು ನಂದು."

"ನಿಮ್ದೇ. ಮದುವೆ ಮುಗಿದ ಮೇಲೆ ನಾನೇ ತಂದು ಕೊಡ್ತೀನಿ."

ಅವರ ವಸ್ತುವನ್ನು ಅವರಿಗೇ ಕೊಡುವುದಿಲ್ಲ ಎನ್ನಲು ನನಗೆ ಯಾವ ಹಕ್ಕೂ ಇರಲಿಲ್ಲ. ಅವರು ಹೊಡೆದಿದ್ದರೂ ನಾನು ತಡೆಯುತ್ತಿರಲಿಲ್ಲ. ಅವರು ಹೊಡೆಯಲಿಲ್ಲ. ಮೊಬೈಲ್ ತೆಗೆದು ಮಗಳಿಗೆ ಮಾಡಿದರು. "ನೋಡಮ್ಮ, ಇವನು ಏನಂತಾನೆ ಕೇಳು. ಕಾರು ಬಿಚ್ಚಿ ಹಾಕ್ಬಿಟ್ಟು ಕೊಡಲ್ಲ ಅಂತಾನೆ," ಎಂದು ನನ್ನ ಕೈಗೆ ಕೊಟ್ಟರು.

ಆಕೆ ಗೌರಿಬಿದನೂರು ಕಡೆಯ ಒಂದು ಹಳ್ಳಿಯಲ್ಲಿ ದನಗಳ ಡಾಕ್ಟರು. ನಾನು ನೋಡಿರಲಿಲ್ಲ.

"ಹೇಳಿ ಅಣ್ಣ. ಅದು ಮುರಿದ್ರೆ ಏನಾಗುತ್ತೆ?"

"ಎಡಗಡೆ ಮುಂದಿನ ಭಾಗ ಒಮ್ಮೆಗೇ ಕೂತುಬಿಡುತ್ತಮ್ಮ. ಟಯರು ಮೇಲಿನ ತಗಡಿಗೆ ತಗಲುತ್ತೆ. ಸ್ಟಿಯರಿಂಗ್ ಎಡಕ್ಕೆ ಎಳೆಯುತ್ತೆ."

"ಬ್ರೇಕ್ ಹಿಡೀಬಹುದಾ?"

"ಹಿಡೀಬಹುದು. ಹಿಡಿದಾಗ ಇನ್ನೂ ಎಡಕ್ಕೆ ಎಳೆಯುತ್ತೆ."

"ಯಾವಾಗ ಮುರಿಯುತ್ತೆ?"

"ಗೊತ್ತಿಲ್ಲಮ್ಮ. ಮುರೀದೇನೂ ಇರಬಹುದು."

ಆಚೆ ಕಡೆ ಎಮ್ಮೆಯೊಂದು ಕೂಗಿತು. ಯಾರೋ ಆಕೆಯನ್ನು ಕರೆಯುತ್ತಿದ್ದರು. "ಅಪ್ಪಂಗೆ ಕೊಡಿ," ಎಂದಳು.

ಯಜಮಾನರು ಫೋನನ್ನು ಕಿವಿಗಿಟ್ಟುಕೊಂಡು ಕೇಳಿದರು. ಮಧ್ಯದಲ್ಲಿ ಒಂದು ಸಲ, "ನಿನಗೋಸ್ಕರ ತಾನೇ ಮಾಡಿಸಿದ್ದು," ಎಂದರು. ಮತ್ತೆ ಕೇಳಿದರು. ಫೋನು ಜೇಬಿಗೆ ಹಾಕಿಕೊಂಡು, ಟೆಂಪೋದವನಿಗೆ ನಡಿ ಎಂದು ಸನ್ನೆ ಮಾಡಿ, ನನ್ನ ಕಡೆ ತಿರುಗಿಯೂ ನೋಡದೆ ಹೊರಟರು. ಮದುವೆಯ ಕರೆಯೋಲೆ ನನ್ನ ಬೆಂಚಿನ ಮೇಲೆ ಹದಿನೈದು ದಿನದಿಂದ ಇತ್ತು. ಅದನ್ನು ಅವರು ವಾಪಸು ಕೇಳಲಿಲ್ಲ, ಬಾ ಎಂದೂ ಹೇಳಲಿಲ್ಲ.

ಮದುವೆಯ ದಿನ ನಾನು ಶೆಡ್ಡಿನಲ್ಲೇ ಇದ್ದೆ. ಮುಹೂರ್ತದ ಹೊತ್ತಿನಲ್ಲಿ ಬಲಗಡೆಯ ತೋಳು ಜೋಡಿಸುತ್ತಿದ್ದೆ. ಹುಡುಗಿ ಯಾವುದೋ ಬಾಡಿಗೆ ಕಾರಿನಲ್ಲಿ ಛತ್ರಕ್ಕೆ ಹೋದಳಂತೆ. ಕಾರು ಎಲ್ಲಿ ಎಂದು ನೆಂಟರು ಕೇಳಿದ್ದಕ್ಕೆ ಯಜಮಾನರು, ಅದು ಕೆಟ್ಟಿದೆ ಎಂದಷ್ಟೇ ಹೇಳಿದರಂತೆ. ಇದನ್ನು ಹೇಳಿದ ಟೀ ಅಂಗಡಿಯವನು, "ಒಂದ್ ದಿನಕ್ಕೆ ಏನಾಗ್ತಿತ್ತಣ್ಣ," ಎಂದ. ಹತ್ತು ಕಿಲೋಮೀಟರೂ ಇಲ್ಲ ಎಂದು ಚಿಂತಾಮಣಿಯಲ್ಲಿ ನಾನೂ ಅದನ್ನೇ ಕೇಳಿದ್ದೆ.

ಅದಾಗಿ ಎರಡು ವಾರದ ಮೇಲೆ ತೊಂಡೇಬಾವಿಯ ಸ್ಟೇಷನ್ನಿನ ಹಿಂದೆ, ಒಬ್ಬ ರೈತರ ಹೊಲದ ಮೂಲೆಯಲ್ಲಿ, ಕೋಳಿಗಳು ಮಲಗುವ ಒಂದು ಅಂಬಾಸಿಡರ್ ಸಿಕ್ಕಿತು. ಆ ರೈತರು ಕೋಳಿಗಳನ್ನು ಒಂದೊಂದಾಗಿ ಹಿಡಿದು ಹೊರಗೆ ಬಿಟ್ಟು, "ತಗೊಂಡ್ ಹೋಗಪ್ಪ, ಬಾಗ್ಲು ಮಾತ್ರ ಬಿಟ್ಟು ಹೋಗು, ನರಿ ಬರ್ತಾವೆ," ಎಂದರು. ಎಡಗಡೆಯ ಸರಳು, ಅದರ ತೋಳು, ಹಿಂದಿನ ಲಿವರು ಮೂರನ್ನೂ ಇಡೀ ದಿನ ಕೂತು ಬಿಚ್ಚಿದೆ. ಅಲ್ಲೇ ಸೀಮೆಎಣ್ಣೆ ಸವರಿ, ಒರೆಸಿ, ಸುಣ್ಣ ಉದುರಿಸಿ ನೋಡಿದೆ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಬಿಳಿ ಬಿಳಿಯಾಗಿಯೇ ಉಳಿಯಿತು. ಹಲ್ಲಿನ ನುಣುಪು ಎಡಮಗ್ಗುಲಿಗೇ ಇತ್ತು.

ಜೋಡಿಸುವುದು ಒಂದೇ ಸಲಕ್ಕೆ ಆಗಲಿಲ್ಲ. ಸರಳನ್ನು ತೋಳಿನೊಳಗೆ ಒಂದು ಹಲ್ಲು ಆಚೀಚೆ ಕೂರಿಸಿದರೂ ಕಾರಿನ ಎತ್ತರ ಬದಲಾಗುತ್ತದೆ. ಮೊದಲ ಸಲ ಎಡಗಡೆ ಮೂಗೆತ್ತಿ ನಿಂತಿತು. ಮತ್ತೆ ಜಾಕಿ, ಸರಪಳಿ, ಕಾಲು ಸುತ್ತು. ಎರಡನೆಯ ಸಲ ತಗ್ಗಿತು. ಮೂರನೆಯ ಸಲ ಸೀಟುಗಳ ಮೇಲೆ ಐದು ಮೂಟೆ ಮರಳು ಹೇರಿ, ಮೂರು ದಿನ ಹಾಗೇ ನಿಲ್ಲಿಸಿ, ಅಳೆದೆ. ಎರಡು ಕಡೆಗೂ ನಾಲ್ಕು ಬೆರಳು. ಆಮೇಲೆ ಒಂದು ವಾರ ಬೆಳಿಗ್ಗೆ ಬೆಳಿಗ್ಗೆ ಮರಳಿನ ಮೂಟೆಗಳ ಜೊತೆಗೇ ಜಂಗಮಕೋಟೆ ದಾರಿಯಲ್ಲಿ ಓಡಿಸಿದೆ. ಒಂದೊಂದು ಓಟದ ಮೇಲೂ ಕೆಳಗೆ ಮಲಗಿ ಪ್ರತಿ ನಟ್ಟನ್ನೂ ಬಿಗಿದು ನೋಡಿದೆ.

ಯಜಮಾನರಿಗೆ ಫೋನ್ ಮಾಡಿದಾಗ, "ನೋಡಣ," ಎಂದಷ್ಟೇ ಹೇಳಿ ಇಟ್ಟರು. ನಾಲ್ಕು ದಿನ ಬಿಟ್ಟು ಒಂದು ಭಾನುವಾರ ಮಧ್ಯಾಹ್ನದ ಹೊತ್ತಿಗೆ ಬಂದರು. ತವರಿಗೆ ಬಂದಿದ್ದ ಮಗಳೂ ಜೊತೆಗಿದ್ದಳು. ಅವರು ಕಾರನ್ನು ನೋಡುವ ಮೊದಲು, "ಎಲ್ಲಿ ಅದು?" ಎಂದು ಕೇಳಿದರು. ಕೆಂಪು ದಾರದ ಸರಳನ್ನು ತಂದುಕೊಟ್ಟೆ. ಕೈಯಲ್ಲಿ ತೂಗಿ ನೋಡಿದರು.

"ಎಷ್ಟು ಗಟ್ಟಿ ಇದೆ. ಇದು ಮುರಿಯುತ್ತೆ ಅಂತ ನಾನು ಹೆಂಗೆ ನಂಬ್ಲಿ?"

ತೊಂಡೇಬಾವಿಯಿಂದ ತಂದಿದ್ದ ಹಳೆಯ ಲಿವರಿಗೆ ಸರಳಿನ ಹಿಂದಿನ ತುದಿ ಕೂರಿಸಿ ಬೆಂಚ್ ವೈಸಿನಲ್ಲಿ ಬಿಗಿದೆ. ಮುಂದಿನ ತುದಿ ಅಲ್ಲಾಡದಂತೆ ದಿಮ್ಮಿಯ ಆನಿಕೆ ಕೊಟ್ಟು, ಅದಕ್ಕೆ ಹಳೆಯ ತೋಳು ತೊಡಿಸಿ, ತೋಳಿಗೊಂದು ಉದ್ದನೆಯ ಪೈಪು ಹಾಕಿದೆ. "ಎಳೀರಿ, ಕಾರಿನ ಭಾರ ಬಿದ್ದಂಗೆ," ಎಂದೆ. ಮುರಿದರೆ ತಗಲದಂತೆ ಮಗಳನ್ನು ದೂರ ನಿಲ್ಲಿಸಿದೆ. ನಾವಿಬ್ಬರೂ ಪೈಪಿಗೆ ಜೋತುಬಿದ್ದೆವು. ಸರಳು ತಿರುಚಿಕೊಂಡಿತು, ಬಿಟ್ಟಾಗ ಹಿಂದಕ್ಕೆ ಬಂತು. ಮತ್ತೆ ಎಳೆದೆವು. ಹತ್ತು ಸಲ, ಹದಿನೈದು ಸಲ. ಮುರಿಯಲಿಲ್ಲ.

ಯಜಮಾನರು ಪೈಪು ಬಿಟ್ಟು ಬೆವರು ಒರೆಸಿಕೊಂಡರು. ಅವರ ಮುಖದಲ್ಲಿ ಗೆದ್ದ ಭಾವ ಇರಲಿಲ್ಲ, ನೋವೇ ಇತ್ತು. "ತಡೀತಿತ್ತಲ್ಲಪ್ಪ," ಎಂದರು. "ಹೋಗ್ಬಹುದಾಗಿತ್ತು."

"ತಡೀತಿತ್ತೇನೋ, ಯಜಮಾನ್ರೇ," ಎಂದೆ. ಆ ಕ್ಷಣದಲ್ಲಿ ನಾನೇ ಒಬ್ಬ ತಂದೆಯ ಆಸೆಯನ್ನು ಸುಮ್ಮನೆ ಹಾಳು ಮಾಡಿದೆನೇನೋ ಅನಿಸಿತು.

ಮಗಳು ಮುಂದೆ ಬಂದಳು. "ಆ ಸುಣ್ಣ ಹಾಕಿ ಇನ್ನೊಂದ್ಸಲ ತೋರ್ಸಿ ಅಣ್ಣ," ಎಂದಳು.

ಬಿಚ್ಚಿ, ಸೀಮೆಎಣ್ಣೆ ಸವರಿ, ಕಾದು, ಒರೆಸಿದೆ. ಪುಡಿ ಉದುರಿಸಿ ಊದಿದವಳು ಅವಳೇ. ಮೂವರೂ ಬಗ್ಗಿ ನೋಡುತ್ತಿದ್ದೆವು. ಗೆರೆ ಮೂಡಿತು. ಕಿರುಬೆರಳ ಉಗುರಿನಷ್ಟಕ್ಕೆ ನಿಲ್ಲಲಿಲ್ಲ. ಕುತ್ತಿಗೆಯ ಸುತ್ತ ಹರಿದು ಆಚೆ ಮಗ್ಗುಲಿಗೆ ಹೋಯಿತು. ಮಗಳು ಸರಳನ್ನು ನಿಧಾನವಾಗಿ ಹೊರಳಿಸಿದಳು. ಅರ್ಧ ಸುತ್ತಿಗಿಂತ ಸ್ವಲ್ಪ ಹೆಚ್ಚೇ ಇತ್ತು.

ಯಜಮಾನರು ಬೆರಳಿನಿಂದ ಆ ಗೆರೆಯನ್ನು ಮುಟ್ಟಿದರು. ಬೆರಳಿಗೆ ಎಣ್ಣೆ ಹತ್ತಿತು. "ಹದಿನೈದು ಸಲ ಎಳೆದಿದ್ದಕ್ಕೆ," ಎಂದರು. ನಮ್ಮೂರ ರಸ್ತೆಯಲ್ಲಿ ಹದಿನೈದು ಹಳ್ಳ ಎಷ್ಟು ದೂರಕ್ಕೆ ಸಿಗುತ್ತವೆ ಎಂದು ಯಾರೂ ಹೇಳಬೇಕಿರಲಿಲ್ಲ. ಪಕ್ಕದ ಸ್ಟೂಲಿನ ಮೇಲೆ ಕೂತುಕೊಂಡು, ಮಗಳ ಕೈಯನ್ನು ಒಮ್ಮೆ ಹಿಡಿದು ಬಿಟ್ಟರು.

ಆಮೇಲೆ ಕಾರಿನ ಕೀಲಿಯನ್ನು ನಾನು ಅವರಿಗೆ ಕೊಡಲು ಹೋದರೆ, "ಅವಳಿಗೆ ಕೊಡು," ಎಂದರು.

ಮಗಳು ಓಡಿಸಿದಳು. ಯಜಮಾನರು ಪಕ್ಕದಲ್ಲಿ. ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿದರು. ಚಿಕ್ಕಬಳ್ಳಾಪುರದ ದಾರಿಯಲ್ಲಿ ಎರಡು ಕಿಲೋಮೀಟರ್ ಹೋಗಿ ವಾಪಸು ಬರುವುದು ಎಂಬ ಮಾತಾಗಿತ್ತು. ಮೊದಲ ಹಂಪಿನಲ್ಲಿ ಅವಳು ಹೆದರಿ ಹೆದರಿ ನಿಧಾನ ಮಾಡಿದಳು, ಎರಡನೆಯದರಲ್ಲಿ ಮಾಡಲಿಲ್ಲ. ಕಾರಿನ ಮೂಗು ಒಮ್ಮೆ ಇಳಿದು, ಒಮ್ಮೆ ಎದ್ದು, ಸುಮ್ಮನಾಯಿತು. ಸದ್ದಿಲ್ಲ. ನಾನು ಮಾತ್ರ ಎಡಗಡೆಗೆ ವಾಲಿ ಕೂತು ಕಿವಿಗೊಟ್ಟಿದ್ದೆ. ಹಿಂದಕ್ಕೆ ತಿರುಗಬೇಕಾಗಿದ್ದ ಜಾಗ ಬಂತು, ದಾಟಿಯೂ ಹೋಯಿತು.

"ಅಮ್ಮಾ, ಇಲ್ಲೇ ತಿರುಗಿಸ್ಬೇಕಿತ್ತು," ಎಂದೆ.

ಅವಳು ಕನ್ನಡಿಯಲ್ಲಿ ನನ್ನನ್ನು ನೋಡಿ, ಅಪ್ಪನ ಕಡೆ ನೋಡಿದಳು.

ಯಜಮಾನರು ರಸ್ತೆಯ ಮೇಲಿನ ಕಣ್ಣು ತೆಗೆಯಲಿಲ್ಲ. "ಮದ್ವೇಲಿ ನೀನು ಊಟ ಮಾಡ್ಲಿಲ್ಲ," ಎಂದರು. "ನಡೀ, ಮನೇಗೇ ಹೋಗಣ."